ಜೋಮುಬೀಗರು

ಎದುರುಸಾಲಿನ ಜಲಜಾಕ್ಷಿ ಟೀಚರ್ ಹುಡುಗಿಯರಿಗೆ ಸಂಗೀತ ಹೇಳಿಕೊಡುತ್ತ ಕುಳಿತವರು ಸರಳೆಯ ನಡುವೆ "ಅಯ್ಯಯ್ಯಪ್ಪಾ, ಸುಟ್ಟೇಹೋಯ್ತು!" ಎಂದು ಕಿರುಚಿದರೆಂದರೆ, ನಮ್ಮ ಅತ್ತೆ ಚಪ್ಪಲಿ ಇಲ್ಲದೆ ಬಿಸಿಲಲ್ಲಿ ಎಲ್ಲಿಗೋ ಹೊರಟಿದ್ದಾರೆ ಎಂದು ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಎಲ್ಲಿಗೆ ಎಂಬುದೂ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಟೀಚರ್ "ಥೂ, ಅಂಟು ಅಂಟು" ಎಂದು ತಮ್ಮ ಅಂಗಾಲನ್ನು ಚಾಪೆಗೆ ಒರೆಸಿಕೊಂಡರೆ, ಅತ್ತೆ ಮಿಠಾಯಿ ಅಂಗಡಿಯ ಮೆಟ್ಟಿಲು ಹತ್ತಿದ್ದಾರೆ ಎಂದೇ ಅರ್ಥ. ಆ ಮೆಟ್ಟಿಲ ಮೇಲೆ ಜಿಲೇಬಿ ಪಾಕ ಚೆಲ್ಲದ ದಿನವೇ ಇಲ್ಲ. ನಾನು ಒಲೆ ಸಣ್ಣ ಮಾಡಿ ಓಡುತ್ತಿದ್ದೆ. ಅಷ್ಟು ಹೊತ್ತಿಗೆ ಅತ್ತೆ ಬಾಯಿ ಒರೆಸಿಕೊಂಡು, ಏನೂ ಅರಿಯದವರ ಮುಖ ಮಾಡಿಕೊಂಡು ಎದುರಿಗೆ ಬರುತ್ತಿರುತ್ತಿದ್ದರು. "ಗುಡಿಗೆ ಹೋಗಿದ್ದೆ ಕಣೆ ವನಜ" ಅನ್ನುವರು. ನಾಲಿಗೆ ಮಾತ್ರ ಜಿಲೇಬಿಯ ಬಣ್ಣಕ್ಕೆ ತಿರುಗಿರುತ್ತಿತ್ತು.

ನಮ್ಮೂರಲ್ಲಿ ಸಕ್ಕರೆ ಕಾಯಿಲೆಯಿಂದ ಯಾರದ್ದಾದರೂ ಕಾಲು ಜೋಮು ಹಿಡಿದರೆ, ಹೋದ ಸ್ಪರ್ಶ ಹೋಗಿಯೇಬಿಡುವುದಿಲ್ಲ. ಊರಿನ ಇನ್ನೊಬ್ಬರ ಕಾಲಿಗೆ ಹೋಗಿ ಸೇರಿಕೊಳ್ಳುತ್ತದೆ. ಯಾರ ಕಾಲಿಗೆ ಅನ್ನುವುದು ನಮ್ಮ ಕೈಲಿಲ್ಲ. ಜಾತಿ, ಬೀದಿ, ಸಿಟ್ಟು ಸೆಡವು ಯಾವುದನ್ನೂ ಅದು ಕೇಳುವುದಿಲ್ಲ. ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಿರುವಾಗಲೇ ಅಂಗಾಲಿಗೆ ಒದ್ದೆ ಹುಲ್ಲು ತಾಗಿದಂತಾದರೆ, ಆಗಿಂದಾಗ ಎದ್ದು, ಊರಲ್ಲಿ ಯಾರು ಒದ್ದೆ ಹುಲ್ಲಿನ ಮೇಲೆ ನಿಂತಿದ್ದಾರೆ ಎಂದು ಹುಡುಕಿಕೊಂಡು ಹೊರಡಬೇಕು. ಸಿಕ್ಕಿದ ಮೇಲೆ ಇಬ್ಬರೂ ಜೋಮುಬೀಗರು. ಮಕ್ಕಳ ಮದುವೆ ಮಾಡಿ ಆದ ಬೀಗರಾದರೆ ಜಗಳವಾಡಿ ದೂರವಾಗಬಹುದು, ಜೋಮುಬೀಗರಿಗೆ ಆ ಅನುಕೂಲವಿಲ್ಲ. ಜೋಮು ಹಿಡಿದವರು ಅರಿಸಿನ ಕುಂಕುಮ, ಎಲೆ ಅಡಿಕೆ ಹಿಡಿದು ಹೋಗಿ ಕರೆದು, ಬೀಗರೂಟ ಹಾಕಬೇಕು. ಅಂದಿನಿಂದ ಈ ಮನೆಗೆ ಏನೇ ವಿಶೇಷ ಬರಲಿ, ಹಲಸಿನ ಹಣ್ಣೋ ಹೋಳಿಗೆಯೋ, ಅರ್ಧ ಆ ಮನೆಗೆ ಹೋಗಬೇಕು. ನಮ್ಮ ಕಾಲಿನ ನೋವು ಅವರು ಉಣ್ಣುತ್ತಿರುವಾಗ ಹೋಳಿಗೆ ಮಾತ್ರ ನಾವೊಬ್ಬರೇ ಉಣ್ಣುವುದು ಹೇಗೆ?

ಮಠದ ಬುದ್ಧಿಯವರ ಪಾದಗಳ ಸ್ಪರ್ಶ ಕೋಳಿ ಅಂಗಡಿಯ ಬಾಬಾಜಾನ್ ಸಾಬರಿಗೆ ಹೋಗಿ ಕೂತಿದೆ. ಮಠದಲ್ಲಿ ಪಾದಪೂಜೆ ನಡೆದರೆ ಸಾಬರಿಗೆ ಕಚಗುಳಿ. ಭಕ್ತರು ಸಾಲುಗಟ್ಟಿ ಪಾದ ಮುಟ್ಟಿ ನಮಸ್ಕರಿಸುವಾಗ ಇತ್ತ ಸಾಬರು ಕತ್ತಿ ಕೆಳಗಿಟ್ಟು, ಕಂಬ ತಬ್ಬಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಗಿರಾಕಿಗಳು ನಗು ನಿಲ್ಲುವವರೆಗೆ ಬೀಡಿ ಸೇದುತ್ತ ಕಾಯುತ್ತಾರೆ. ಹಬ್ಬಕ್ಕೆ ಮಠದಿಂದ ಕಡುಬು ಕೋಳಿ ಅಂಗಡಿಗೆ ಬರುತ್ತದೆ, ರಂಜಾನಿಗೆ ಸಾಬರ ಮನೆಯ ಶಾವಿಗೆ ಪಾಯಸ ಮಠಕ್ಕೆ ಹೋಗುತ್ತದೆ.

ಇದರಲ್ಲಿ ನಮಗೆ ಯಾರಿಗೂ ಆಶ್ಚರ್ಯವಿಲ್ಲ. ಹೆದರಿಕೆ ಇರುವುದು ಒಂದೇ ವಿಷಯಕ್ಕೆ. ಊರಿನ ಎಲ್ಲೆಕಲ್ಲು ದಾಟಿದರೆ ಈ ನೆಂಟಸ್ತಿಕೆ ಕಡಿದುಹೋಗುತ್ತದೆ. ಹೊತ್ತವರು ಹಗುರಾಗುತ್ತಾರೆ, ಆದರೆ ಸ್ಪರ್ಶ ಒಡೆಯರ ಕಾಲಿಗೆ ಹಿಂದಿರುಗುವುದಿಲ್ಲ. ಅಂಚೆ ಹಂಚುತ್ತಿದ್ದ ಕೊಟ್ರಪ್ಪನವರ ಬೀಗ ಹೀಗೇ ವರ್ಗವಾಗಿ ಊರು ಬಿಟ್ಟ. ಆ ಮಳೆಗಾಲದಲ್ಲಿ ಕೊಟ್ರಪ್ಪನವರು ಚಪ್ಪಲಿಯಲ್ಲಿ ಮೊಳೆ ಎದ್ದದ್ದು ತಿಳಿಯದೆ ಬೆಳಗಿನಿಂದ ಸಂಜೆಯವರೆಗೆ ಊರೆಲ್ಲ ಸುತ್ತಿದರು. ಮನೆಗೆ ಬಂದಾಗ ಹೆಂಡತಿ ನೆಲದ ಮೇಲಿನ ರಕ್ತ ನೋಡಿ ಕೂಗಿಕೊಂಡರು. ಗಾಯ ಕೊಳೆತು ಕಾಲು ಮೊಣಕಾಲಿನವರೆಗೂ ಹೋಯಿತು. ಈಗ ಜಗಲಿಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ "ಕಾಲು ನೋಡ್ಕಂಡ್ರೇನ್ರೋ ಇವತ್ತು?" ಎಂದು ಮಾತಾಡಿಸುತ್ತಾರೆ. ಅವರು ನಗುನಗುತ್ತಲೇ ಕೇಳುತ್ತಾರೆ, ನಗುವುದು ನಮಗಾಗುವುದಿಲ್ಲ.

ಇನ್ನು ನಮ್ಮ ಅತ್ತೆ ಚನ್ನಾಜಮ್ಮನವರಿಗೂ ಜಲಜಾಕ್ಷಿ ಟೀಚರಿಗೂ ಇದ್ದ ಪ್ರೀತಿಯ ವಿಷಯ. ಅತ್ತೆಗೆ ಹರೆಯದಲ್ಲಿ ಹಾಡುವ ಹುಚ್ಚು. ಟೀಚರ್ ಆಗತಾನೆ ಊರಿಗೆ ಬಂದಿದ್ದರು. ಅತ್ತೆ ತಟ್ಟೆಯಲ್ಲಿ ತೆಂಗಿನಕಾಯಿ, ಹೂವು ಇಟ್ಟುಕೊಂಡು ಪಾಠಕ್ಕೆ ಹೋದರಂತೆ. ಟೀಚರ್ ಒಂದು ಸರಳೆ ಹಾಡಿಸಿ ನೋಡಿ, "ಮಕ್ಕಳನ್ನ ಊಟಕ್ಕೆ ಕರೆಯೋದಕ್ಕೆ ಬಹಳ ಒಳ್ಳೆಯ ಶಾರೀರ ನಿಮ್ಮದು" ಅಂದರಂತೆ. ಅಂದಿನಿಂದ ಮಾತಿಲ್ಲ. ಅತ್ತೆ ಆ ಮನೆಯ ಕಡೆ ಬೆನ್ನು ಮಾಡಿಯೇ ರಂಗೋಲಿ ಹಾಕುವುದನ್ನು ನಾನು ಮದುವೆಯಾಗಿ ಬಂದ ದಿನದಿಂದ ನೋಡಿದ್ದೇನೆ. ಅಂಥವರಿಗೇ ಅತ್ತೆಯ ಕಾಲು ಹೋಗಿ ಸೇರಬೇಕೆ? "ಬ್ಯಾರೆ ಯಾರೂ ಸಿಕ್ನಿಲ್ವೇನೇ ನಿಂಗೆ" ಎಂದು ಅತ್ತೆ ತಮ್ಮ ಕಾಲನ್ನೇ ಬೈದರು. ಬೀಗರೂಟವನ್ನು ಮಾತ್ರ ತಪ್ಪಿಸುವ ಹಾಗಿಲ್ಲವಲ್ಲ. ಪಲ್ಯಕ್ಕೆ ಹಾಗಲಕಾಯಿ, ಗೊಜ್ಜಿಗೆ ಹಾಗಲಕಾಯಿ, ಹುಳಿಗೂ ಹಾಗಲಕಾಯಿ ಹಾಕಿ ಬಡಿಸಿದರು. ಟೀಚರ್ ಹುಬ್ಬು ಕೂಡ ಗಂಟಿಕ್ಕದೆ ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆದು, "ವನಜ, ನಿಮ್ಮತ್ತೆ ಸ್ವಭಾವ ಕೈಗೂ ಇಳಿದಿದೆ ನೋಡಮ್ಮ" ಎಂದು ನನಗೆ ಹೇಳಿ ಹೊರಟರು.

ಆಮೇಲೆ ನಡೆದದ್ದು ಯುದ್ಧ. ಎದುರುಮನೆಯಲ್ಲಿ ಆಲಾಪನೆ ಶುರುವಾಗುತ್ತಲೂ ಅತ್ತೆ ಬಚ್ಚಲಿಗೆ ಹೋಗಿ ತೆಂಗಿನ ನಾರು ಹಿಡಿದು ಅಂಗಾಲು ಉಜ್ಜುವರು. ಆಲಾಪನೆ ಹಿ ಹಿ ಹಿ ಎಂದು ಒಡೆದುಹೋಗುತ್ತಿತ್ತು. ಟೀಚರ್ ಸಂಜೆಗೆ ನನ್ನನ್ನು ಕರೆದು ಅತ್ತೆಯ ದಿನಚರಿ ಒಪ್ಪಿಸುವರು: ಎಲ್ಲೆಲ್ಲಿ ಬರಿಗಾಲಲ್ಲಿ ಹೋದರು, ಯಾವ ಮೆಟ್ಟಿಲು ಹತ್ತಿದರು, ಯಾವಾಗ ಕಾಲು ಚಾಚಿ ಮಲಗಿದರು. ಇಬ್ಬರ ನಡುವೆ ಮಾತು ಒಯ್ಯುವ ಕೆಲಸ ನನ್ನದು. ನಾನು ದಾರಿಯಲ್ಲಿ ಅದಕ್ಕೆ ಉಪ್ಪು ಖಾರ ಸೇರಿಸುತ್ತೇನೆಂದು ನನ್ನ ಗಂಡನ ದೂರು. ನಡುವೆ ಬೀದಿ ಅಷ್ಟು ಅಗಲವಿದೆ, ಸುದ್ದಿ ಕೆಡದ ಹಾಗೆ ಏನಾದರೂ ಹಾಕಬೇಡವೇ?

ಆದರೆ ಒಂದು ದಿನ ಅತ್ತೆ ಹೋಳಿಗೆ ಬೇಯಿಸುತ್ತಿದ್ದಾಗ ಒಲೆಯಿಂದ ಕೆಂಡ ಸಿಡಿದು ಅವರ ಪಾದದ ಮೇಲೆ ಬಿತ್ತು. ಅತ್ತೆಗೆ ತಿಳಿಯಲಿಲ್ಲ, ಹೋಳಿಗೆ ತಿರುವಿಹಾಕುತ್ತಲೇ ಇದ್ದರು. ಟೀಚರ್ ಶ್ರುತಿಪೆಟ್ಟಿಗೆ ಬಿಸಾಕಿ, ಸೆರಗು ನೆಲ ಗುಡಿಸುತ್ತ ಬೀದಿ ದಾಟಿ ಬಂದು, "ವನಜಾ, ಕಾಲ್ಮೇಲೆ ಕೆಂಡ!" ಎಂದು ಚೊಂಬಿನ ನೀರು ಸುರಿದರು. ಅತ್ತೆ ಒಂದು ಒಳ್ಳೆಯ ಮಾತು ಆಡಲಿಲ್ಲ. "ಅವಳಿಗೆ ಉರೀತು, ಅದಕ್ಕೆ ಓಡಿ ಬಂದ್ಲು. ನನಗೋಸ್ಕರ ಬಂದ್ಲಾ?" ಎಂದು ನನ್ನನ್ನು ಕೇಳಿದರು. ನಾನು ಈ ಮಾತನ್ನು ಮಾತ್ರ ಬೀದಿ ದಾಟಿಸಲಿಲ್ಲ.

ದೀಪಾವಳಿಯ ಕಜ್ಜಾಯದ ಪಾಲು ಕೊಡಲು ಹೋದಾಗ ಟೀಚರ್ ಗೋಡೆಗೊರಗಿ ಕುಳಿತಿದ್ದರು. ಕಣ್ಣು ಗುಳಿ ಬಿದ್ದಿದ್ದವು.

"ಯುಗಾದಿ ಕಳೆದ ಮೇಲೆ ನಾನು ತಂಗಿ ಊರಿಗೆ ಹೋಗ್ಬಿಡ್ತೀನಿ ವನಜ. ಇನ್ನು ನನ್ನ ಕೈಲಾಗಲ್ಲ."

"ಯಾಕೆ ಟೀಚರ್?"

"ಉರಿ ಕಣಮ್ಮ. ಹಗಲು ಹೇಗೋ ಕಳೀತೀನಿ. ಮಲಗಿದರೆ ಸಾಕು, ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತೆ. ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ. ಎಲ್ಲೆಕಲ್ಲು ದಾಟಿದರೆ ಇದೆಲ್ಲ ಹೋಗುತ್ತಂತಲ್ಲ." ಕಜ್ಜಾಯದ ತಟ್ಟೆ ಬದಿಗಿಟ್ಟು ಹೇಳಿದರು: "ಹೋಗ್ತೀನಿ ಅಂತ ಬೇಕಾದರೆ ಹೇಳು. ಉರಿ ವಿಷಯ ನಿಮ್ಮತ್ತೆಗೆ ಹೇಳ್ಬೇಡ."

"ಯಾಕೆ?"

"ಸಂತೋಷಪಡ್ತಾಳೆ. ಇಲ್ಲ, ಸಂಕಟಪಡ್ತಾಳೆ. ಎರಡೂ ನನಗೆ ಬೇಡ."

ಟೀಚರ್ ಹೋಗುತ್ತಾರಂತೆ ಎಂದಷ್ಟೇ ಅತ್ತೆಗೆ ಹೇಳಿದೆ. "ಹೋಗ್ಲಿ ಬಿಡು, ಪೀಡೆ ತೊಲಗ್ತು" ಅಂದರು. ಆದರೆ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು, ನನ್ನ ಕೈಗನ್ನಡಿಯನ್ನು ಕಾಲ ಕೆಳಗೆ ಹಿಡಿದು ಅಂಗಾಲು ನೋಡಿಕೊಳ್ಳುತ್ತಿದ್ದಾರೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮನೆಯೊಳಗೇ ಓಡಾಡತೊಡಗಿದರು. ಏನತ್ತೆ ಇದು ಎಂದರೆ, "ಹೊಸ ಚಪ್ಪಲಿ, ಕಚ್ಚುತ್ತಾ ನೋಡ್ತಿದೀನಿ" ಅಂದರು. ಕಚ್ಚಿದರೆ ತಮಗೆ ತಿಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಕೊಟ್ರಪ್ಪನವರ ಜಗಲಿಯ ಮುಂದೆ ಹಾಯುವುದನ್ನು ಬಿಟ್ಟು ಸುತ್ತಿಕೊಂಡು ಗುಡಿಗೆ ಹೋಗತೊಡಗಿದರು. ಅತ್ತೆ ಹೆದರಿದ್ದರು.

ಇಂಥ ಹೊತ್ತಿಗೆ ನಮ್ಮೂರಿನ ಆಸ್ಪತ್ರೆಗೆ ಡಾಕ್ಟರ್ ನಾಡಿಗೇರ್ ಬಂದರು. ದೊಡ್ಡ ಊರಿನವರು, ಹರೆಯದ ಹೆಂಗಸು, ನರಗಳ ವಿಷಯ ಓದಿದವರು. ಸಕ್ಕರೆ ಕಾಯಿಲೆಯಿಂದ ಸತ್ತ ಕಾಲಿನ ನರಗಳನ್ನು ಮತ್ತೆ ಚಿಗುರಿಸಬಹುದೆಂದು ಹೊಸದೊಂದು ಮಾತ್ರೆ ಬಂದಿದೆಯಂತೆ, ಅದನ್ನು ಪರೀಕ್ಷಿಸಬೇಕಂತೆ. ಜೋಮಿನವರನ್ನೆಲ್ಲ ಕೂರಿಸಿ ತಿಳಿಸಿ ಹೇಳಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ತಿನ್ನುವವರಿಗೂ ಗೊತ್ತಿರಬಾರದು, ಕೊಡುವವರಿಗೂ ಗೊತ್ತಿರಬಾರದು.

"ಅಂದ್ರೆ ಕಣ್ಣಾಮುಚ್ಚಾಲೆ ಅನ್ನಿ" ಅಂದರು ಅತ್ತೆ.

"ಹ್ಞೂಂ, ಒಂಥರಾ ಹಾಗೇ" ಎಂದು ಡಾಕ್ಟರ್ ನಕ್ಕರು. "ಕಣ್ಣು ಕಟ್ಟದಿದ್ದರೆ ಮನಸ್ಸು ಮೋಸ ಮಾಡುತ್ತೆ ಅಮ್ಮ. ಮಾತ್ರೆ ತಗೊಂಡೆ ಅಂತ ಗೊತ್ತಾದರೇ ಅರ್ಧ ಕಾಯಿಲೆ ವಾಸಿಯಾದ ಹಾಗನ್ನಿಸುತ್ತೆ."

ಏನೂ ಇಲ್ಲದ ಮಾತ್ರೆಗೆ ಊರಿನವರು ಅಂದೇ ಸಪ್ಪೆಗುಳಿಗೆ ಎಂದು ಹೆಸರಿಟ್ಟರು. ಅತ್ತೆ ಎಲ್ಲರಿಗಿಂತ ಮುಂದೆ ಹೋಗಿ ಹೆಬ್ಬೆಟ್ಟಲ್ಲ, ದೊಡ್ಡ ಅಕ್ಷರದಲ್ಲಿ ರುಜು ಹಾಕಿದರು. "ನನ್ನ ಕಾಲನ್ನ ನಾನು ವಾಪಸ್ ಇಸ್ಕಂತೀನಿ. ಯುಗಾದಿ ಒಳಗೆ. ಆಮ್ಯಾಲೆ ಅವಳು ಎಲ್ಲಿಗಾದ್ರೂ ಹೋಗ್ಲಿ" ಎಂದು ದಾರಿಯುದ್ದಕ್ಕೂ ನನಗೆ ಹೇಳಿದರು.

ಮೊದಲ ತಪಾಸಣೆಗೆ ಬೀಗರನ್ನು ಬಿಟ್ಟು ಹೋಗುವುದು ಮರ್ಯಾದೆಯಲ್ಲ. ಆದ್ದರಿಂದ ಎಲ್ಲರೂ ಜೋಡಿ ಜೋಡಿಯಾಗಿ ಹೋದರು. ಬೀಗರು ಪರದೆಯಾಚೆಯ ಬೆಂಚಿನ ಮೇಲೆ ಕೂತರು. ಡಾಕ್ಟರ್ ಗಟ್ಟಿ ನೈಲಾನ್ ಎಳೆಯೊಂದನ್ನು ಅತ್ತೆಯ ಕಾಲಿಗೆ ಒತ್ತಿ, "ಗೊತ್ತಾಗ್ತಿದೆಯಾ?" ಎಂದರು.

"ಇಲ್ಲ" ಅಂದರು ಅತ್ತೆ.

"ಎಡಗಾಲು, ಹೆಬ್ಬೆರಳು" ಅಂದರು ಪರದೆಯಾಚೆಯಿಂದ ಟೀಚರ್.

ಡಾಕ್ಟರ್ ಪರದೆ ಸರಿಸಿ ನೋಡಿದರು. ಮತ್ತೆ ಮುಚ್ಚಿದರು. ಆಮೇಲೆ ಶ್ರುತಿಕವೆಯನ್ನು ಮೇಜಿಗೆ ತಟ್ಟಿ ಅತ್ತೆಯ ಕಾಲಿನ ಗಂಟಿಗೆ ಇಟ್ಟರು. ಅತ್ತೆ ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕೂತಿದ್ದರು. ಆಚೆಯಿಂದ ಟೀಚರ್ "ಸಾ..." ಎಂದು ಹಿಡಿದು, "ಶ್ರುತಿ ಸ್ವಲ್ಪ ಇಳಿದಿದೆ ಡಾಕ್ಟ್ರೇ" ಅಂದರು. ಡಾಕ್ಟರ್ ಜಾಣೆ. ಎರಡನೆಯ ದಿನದ ಹೊತ್ತಿಗೆ ಪ್ರಶ್ನೆಯನ್ನು ಈಚೆಗೊಮ್ಮೆ, ಆಚೆಗೊಮ್ಮೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದರು.

"ರಾತ್ರಿ ಹೊತ್ತು ಉರಿ ಇದೆಯಾ ಅಮ್ಮ?"

"ಇಲ್ಲ, ಏನಿಲ್ಲ. ಚೆನ್ನಾಗಿ ನಿದ್ದೆ ಮಾಡ್ತೀನಿ" ಅಂದರು ಅತ್ತೆ.

"ಆಚೆ?"

ಆಚೆ ಬೆಂಚು ಕಿರುಗುಟ್ಟಿತು. ಡಾಕ್ಟರ್ ಮತ್ತೊಮ್ಮೆ ಕೇಳಿದರು. "ಇದೆ" ಅಂದರು ಟೀಚರ್, ತೀರ ಮೆಲ್ಲಗೆ. "ರಾತ್ರಿಯೆಲ್ಲ ಇದೆ."

"ಇರುತ್ತೆ. ಇವರ ರಕ್ತದಲ್ಲಿ ಸಕ್ಕರೆ ಅಷ್ಟಿದೆ. ಸಕ್ಕರೆ ಏರಿದಷ್ಟೂ ಉರಿ ಏರುತ್ತೆ" ಎಂದು ಡಾಕ್ಟರ್ ತಮ್ಮಷ್ಟಕ್ಕೆ ಹೇಳುವಂತೆ ಹೇಳಿ, ಮುಂದಿನ ಪ್ರಶ್ನೆಗೆ ಹೋದರು.

ಅತ್ತೆ ಪರದೆಯನ್ನೇ ನೋಡುತ್ತ ಕೂತಿದ್ದರು. ನಾನು ಅವರ ಮುಖ ನೋಡಿದೆ. ನನಗೆ ಅವರ ಮೇಲೆ ಎಂದೂ ಹುಟ್ಟದ ಕನಿಕರ ಹುಟ್ಟಿತು. ಬರುವಾಗ ಮಿಠಾಯಿ ಅಂಗಡಿಯ ಮುಂದೆಯೇ ದಾರಿ. ಆಗತಾನೆ ಬಾಣಲೆಯಿಂದ ತೆಗೆದ ಜಿಲೇಬಿಯ ವಾಸನೆ ಬೀದಿಗೆಲ್ಲ ಹಬ್ಬಿತ್ತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿದರು.

ಕೆಲವು ದಿನಗಳ ಮೇಲೆ ಅಂಗಡಿಯವನೇ ನನ್ನನ್ನು ತಡೆದು, "ದೊಡ್ಡಮ್ಮನೋರು ಯಾಕ್ ಬರ್ತಿಲ್ಲ? ನಮ್ಮಿಂದ ಏನಾರ ತಪ್ಪಾಯ್ತಾ?" ಎಂದು ಕೇಳಿದ. ಅತ್ತೆಗೆ ಹೇಳಿದೆ. ಅವರು ಬೆರಳು ತೋರಿಸಿ ಹೇಳಿದರು: "ಎದುರುಮನೆಯೋಳಿಗೆ ಏನಾರ ಇದನ್ನ ಹೇಳಿದ್ಯೋ, ನೋಡ್ತಾ ಇರು. ತನಗೋಸ್ಕರ ಬಿಟ್ಟೆ ಅಂದ್ಕಂಡು ಮೆರೀತಾಳೆ." ಅಲ್ಲಿಗೆ ನನ್ನ ಬಾಯಿಗೆ ಎರಡೂ ಮನೆಯ ಬೀಗ ಬಿತ್ತು. ಇತ್ತ ಟೀಚರಿಗೆ ಮೆಟ್ಟಿಲ ಅಂಟು ತಿಳಿಯುತ್ತಿರಲಿಲ್ಲ. "ಈಗ ಚಪ್ಪಲಿ ಮೆಟ್ಟಿಕೊಂಡೇ ಕದ್ದು ತಿನ್ನೋಕೆ ಹೋಗ್ತಾಳೆ. ಜಾಣೆ!" ಎಂದು ನನ್ನ ಹತ್ತಿರ ಮೂಗು ಮುರಿದರು. ನಾನು ಹ್ಞೂಂ ಅಂದೆ. ಅಷ್ಟು ಸಪ್ಪೆ ಉತ್ತರ ನಾನು ಕೊಟ್ಟದ್ದೇ ಇಲ್ಲ.

ಮಾತ್ರೆಗಳು ಬಂದವು. ಡಾಕ್ಟರ್ ಎಲ್ಲವನ್ನೂ ಹೇಳಿದ್ದರು. ಊಟದ ಮೇಲೆ ತಿನ್ನಿ, ನೀರಿನ ಜೊತೆ ನುಂಗಿ, ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಬೀಗರಿಗೆ ಪಾಲು ಕೊಡಬೇಡಿ ಎಂದು ಹೇಳಿರಲಿಲ್ಲ. ಪಾಪ, ಅವರಿಗೆ ಹೇಗೆ ಹೊಳೆಯಬೇಕು? ದೊಡ್ಡ ಊರಿನಿಂದ ಪೆಟ್ಟಿಗೆಯಲ್ಲಿ ಮನೆಗೆ ಬಂದ ವಸ್ತು, ಅದಕ್ಕಿಂತ ವಿಶೇಷ ಇನ್ನೇನಿದೆ? ಅತ್ತೆ ಊಟವಾದ ಮೇಲೆ ಅಡಕತ್ತರಿ ತೆಗೆದು ಮಾತ್ರೆಯನ್ನು ಸರಿಯಾಗಿ ಎರಡು ಮಾಡುವರು. ಒಂದು ಹೋಳು ತಾವು ನುಂಗಿ, ಇನ್ನೊಂದನ್ನು ಬೆಳ್ಳಿ ಬಟ್ಟಲಲ್ಲಿಟ್ಟು ನನ್ನ ಕೈಗೆ ಕೊಡುವರು. ಟೀಚರ್ ಬಟ್ಟಲಲ್ಲಿ ಇಣುಕಿ, "ಕೊಟ್ಟಿರೋದು ದೊಡ್ಡ ಅರ್ಧವೋ, ಚಿಕ್ಕ ಅರ್ಧವೋ?" ಎಂದು ವಿಚಾರಿಸಿಯೇ ಬಾಯಿಗೆ ಹಾಕಿಕೊಳ್ಳುವರು. ಮಧ್ಯಾಹ್ನ ಊಟದ ಹೊತ್ತಿಗೆ ಊರಿನ ಮನೆಮನೆಯಲ್ಲೂ ಅಡಕತ್ತರಿ ಕಟಕ್ ಎನ್ನುತ್ತಿತ್ತು.

ಬೇಸಗೆ ಹತ್ತಿರವಾಗುತ್ತಿದ್ದಂತೆ ಟೀಚರ ಮುಖಕ್ಕೆ ಕಳೆ ಬಂತು. ಒಂದು ದಿನ ಬೆಳಗಿನ ಪಾಠಕ್ಕೆ ಹುಡುಗಿಯರು ಬಂದು ಬಾಗಿಲು ತಟ್ಟಿದರೂ ಏಳಲಿಲ್ಲವಂತೆ, ಅಷ್ಟು ನಿದ್ದೆ. "ಮಾತ್ರೆ ಕೆಲಸ ಮಾಡ್ತಿದೆ ವನಜ! ಉರಿ ಇಳಿದಿದೆ" ಎಂದು ನನ್ನ ಕೈ ಹಿಡಿದುಕೊಂಡರು. ಆ ಸುದ್ದಿ ಹೇಳಿದಾಗ ಅತ್ತೆ ನೆಲಗಡಲೆ ಬಿಡಿಸುತ್ತಿದ್ದರು. "ನನಗಂತೂ ಏನೂ ತಿಳಿಯವಲ್ದು. ಅವಳಿಗೆ ದೊಡ್ಡ ಅರ್ಧ ಹೋಗೈತೆ ಅಂತ ಕಾಣ್ತದೆ" ಅಂದರು. ಆದರೆ ಆವತ್ತು ಇಡೀ ಸಂಜೆ ತಮ್ಮ ಶಾರೀರದಲ್ಲಿ ಏನೋ ಗುನುಗುತ್ತಿದ್ದರು. ಮಕ್ಕಳು ಊಟಕ್ಕೆ ಕರೆದರೆಂದು ಬಂದು ಎಲೆ ಮುಂದೆ ಕೂತವು.

ಎಲ್ಲ ಹಾಳಾದದ್ದು ಮರುತಪಾಸಣೆಯ ದಿನ. ಡಾಕ್ಟರ್ ಬುದ್ಧಿಯವರನ್ನು ವಿನಯದಿಂದ, "ಮಾತ್ರೆ ತಪ್ಪದೆ ತಗೊಂಡಿರಾ ಬುದ್ಧಿ?" ಎಂದು ಕೇಳಿದರು.

"ತಪ್ಪದೆ ತಗೊಂಡೆವು ತಾಯಿ. ಅರ್ಧ ಬಾಬಾಜಾನ್ ಬೀಗರಿಗೆ ಕಳಿಸಿದೆವು. ಉಳಿದದ್ದರಲ್ಲಿ ಭಕ್ತರಿಗೂ ಇರಲಿ ಎಂದು ಸ್ವಲ್ಪ ತೇದು ತೀರ್ಥದಲ್ಲಿ ಹಾಕಿಸಿದೆವು."

ಡಾಕ್ಟರ್ ಲೇಖನಿ ಕೆಳಗಿಟ್ಟರು. ಬೆಂಚಿನ ಮೇಲಿದ್ದವರ ಕಡೆ ತಿರುಗಿ, "ನೀವೂ?" ಎಂದರು. ಎಲ್ಲರೂ ಹೆಮ್ಮೆಯಿಂದ ತಲೆಯಾಡಿಸಿದರು. ಒಬ್ಬರೂ ಬೀಗರನ್ನು ಬಿಟ್ಟು ತಿಂದಿರಲಿಲ್ಲ. ಡಾಕ್ಟರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಯಾರು ಎಷ್ಟು ತಿಂದರು, ಯಾರಿಗೆ ಏನು ಕೆಲಸ ಮಾಡ್ತು ಅಂತ ಈಗ ದೇವರೂ ಹೇಳೋಕಾಗಲ್ಲ! ಕೇಳದೆ ಕೊಟ್ಟದ್ದು ಯಾರ ಮೈಗಾದರೂ ಆಗದೆ ಹೋಗಿದ್ದರೆ ಏನು ಗತಿ?" ಅವರ ಕಣ್ಣಲ್ಲಿ ನೀರು ನಿಂತಿತ್ತು. ನಮಗೆ ಆಗ ಮೊದಲ ಬಾರಿಗೆ ತಪ್ಪು ಮಾಡಿದ್ದೇವೆ ಅನ್ನಿಸಿತು. ದೊಡ್ಡ ಊರಿನ ಕಚೇರಿಗೆ ಅವರು ಇದ್ದದ್ದು ಇದ್ದ ಹಾಗೆ ತಿಳಿಸಿದರು. ಬೀಗರು ಎಂಬುದು ಮಾತ್ರೆಯ ಅಡ್ಡಪರಿಣಾಮವೇ ಎಂದು ಅಲ್ಲಿಂದ ವಿಚಾರಿಸಿದರಂತೆ. ಆಮೇಲೆ ನಮ್ಮೂರಿನ ಪರೀಕ್ಷೆಯನ್ನೇ ಮುಚ್ಚಿಬಿಟ್ಟರು. ಉಳಿದ ಮಾತ್ರೆಗಳನ್ನು ಮನೆಮನೆಯಿಂದ ವಾಪಸು ತೆಗೆದುಕೊಂಡರು.

ಟೀಚರ್ ಆ ಸಂಜೆಯೇ ಪೆಟ್ಟಿಗೆ ಕಟ್ಟತೊಡಗಿದರು. "ಮಾತ್ರೆ ನಿಂತ ಮೇಲೆ ಉರಿ ತಿರುಗಿ ಬರುತ್ತೆ ವನಜ. ಮತ್ತೆ ಆ ರಾತ್ರಿಗಳನ್ನ ನಾನು ನೋಡಲಾರೆ. ನಿಮ್ಮತ್ತೆಗೆ ಹೇಳು, ದಿನಾ ಕಾಲು ನೋಡ್ಕೊಳ್ಳಲಿ, ಚಪ್ಪಲಿ ಕೊಡವಿ ಮೆಟ್ಟಲಿ, ಸ್ನಾನದ ನೀರನ್ನ ಮೊದಲು ಕೈಯಿಂದ ಮುಟ್ಟಿ ನೋಡಲಿ." ಇಷ್ಟು ಹೇಳಿ ಪೆಟ್ಟಿಗೆಯ ಹಗ್ಗ ಬಿಗಿದರು. ಅತ್ತೆ ಇದನ್ನೆಲ್ಲ ನನ್ನಿಂದ ಕೇಳಿಸಿಕೊಂಡು, "ಸರಿ" ಅಂದರು. ಯುಗಾದಿಯ ದಿನ ಬೇವು ಬೆಲ್ಲದ ಪಾಲು ಬೀದಿ ದಾಟಿತು. ಮಾರನೆಯ ಮಧ್ಯಾಹ್ನ ಟೀಚರ್ ಬಸ್ಸಿಗೆ ಹೊರಟರು. ಅತ್ತೆ ಬಾಗಿಲಿಗೆ ಬರಲಿಲ್ಲ. ಕಿಟಕಿಯ ಹಿಂದೆ ನಿಂತಿದ್ದರು.

ಬಸ್ಸು ನಿಲ್ದಾಣ ಬಿಟ್ಟ ಸದ್ದು ಕೇಳಿಸುವ ಹೊತ್ತಿಗೆ ಡಾಕ್ಟರ್ ನಾಡಿಗೇರ್ ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟನ್ನು ಕಚೇರಿಯವರು ಒಡೆದು ಕಳಿಸಿದ್ದರು.

"ನಿಮ್ಮದು ಸಪ್ಪೆಗುಳಿಗೆ ಅಮ್ಮ."

"ಅಂಗಾರೆ ಟೀಚರಮ್ಮಂಗೆ ಉರಿ ಇಳಿದಿದ್ದು?"

"ಅದನ್ನೇ ಕೇಳೋಕೆ ಬಂದೆ. ನಿಮ್ಮ ರಕ್ತದ ಸಕ್ಕರೆ ಮೊದಲಿಗಿಂತ ಬಹಳ ಇಳಿದಿದೆ. ನಾನು ಕೊಟ್ಟ ಮಾತ್ರೆಯಿಂದಂತೂ ಅಲ್ಲ. ಏನು ಮಾಡಿದಿರಿ?"

ಅತ್ತೆ ಬಾಗಿಲಿಗೆ ಓಡಿದರು. ಬಸ್ಸು ಬೀದಿಯ ತಿರುವು ದಾಟಿ ದಿಣ್ಣೆ ಹತ್ತುತ್ತಿತ್ತು. ದಿಣ್ಣೆಯ ಆಚೆಗೇ ಎಲ್ಲೆಕಲ್ಲು. ಡಾಕ್ಟರ್ "ಜೀಪಿದೆ, ಬನ್ನಿ" ಎಂದು ಕೀಲಿಕೈ ಹುಡುಕುತ್ತಿದ್ದರು. ಅತ್ತೆ ಕಾಯಲಿಲ್ಲ. ಒಂದು ಚಪ್ಪಲಿಯನ್ನು ಈ ಕಡೆಗೆ, ಒಂದನ್ನು ಆ ಕಡೆಗೆ ಒದ್ದು, ಕುದಿಯುತ್ತಿದ್ದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು, ರಾಗಿ ಹೊಲದಲ್ಲಿ ಗುಬ್ಬಿ ಓಡಿಸುವವರ ಹಾಗೆ ದಬದಬ ಕಾಲು ಬಡಿದರು.

ಬಸ್ಸಿನೊಳಗೆ ಏನಾಯಿತೆಂದು ಆಮೇಲೆ ಕಂಡಕ್ಟರ್ ಹೇಳಿದ. ಕಿಟಕಿಯ ಪಕ್ಕ ಕಣ್ಣೀರು ಒರೆಸಿಕೊಳ್ಳುತ್ತ ಕೂತಿದ್ದ ಸಂಗೀತದ ಟೀಚರ್ ಸೀಟಿನಿಂದ ಚಿಮ್ಮಿ, "ನಿಲ್ಲಿಸ್ರೀ! ಆ ಚನ್ನಾಜಿ ಚಪ್ಪಲಿ ಬಿಟ್ಟಿದ್ದಾಳೆ!" ಎಂದು ಕೂಗಿದರಂತೆ. ಅವನೂ ನಮ್ಮೂರಿನವನೇ. ಏನು, ಎತ್ತ ಎಂದು ಕೇಳದೆ ಸೀಟಿ ಊದಿದ. ಬಸ್ಸು ಎಲ್ಲೆಕಲ್ಲಿನ ಈಚೆಗೇ ನಿಂತಿತು.

ಅತ್ತೆ ಓಡುತ್ತಿದ್ದರು. ಹಿಂದೆ ನಾನು ಎರಡು ಚಪ್ಪಲಿ ಹಿಡಿದು ಓಡುತ್ತಿದ್ದೆ. ನನ್ನ ಹಿಂದೆ ಡಾಕ್ಟರ್ "ಕಾಲು! ನಿಮ್ಮ ಕಾಲು!" ಎಂದು ಕೂಗುತ್ತ ಓಡಿಬರುತ್ತಿದ್ದರು. ಬಸ್ಸಿನಿಂದಿಳಿದ ಟೀಚರ್ ಕುಂಟುತ್ತ, ಕುಣಿಯುತ್ತ ಎದುರಿಗೆ ಬಂದರು.

"ಹಾಕ್ಕೊಳೇ ಚಪ್ಪಲೀನ!"

ಆ ಶಾರೀರದ ಮಾತಾದ ಮೇಲೆ ಇಷ್ಟು ವರ್ಷಗಳಲ್ಲಿ ಅತ್ತೆಗೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

"ಏನಾತೀಗ? ನಂಗೇನೂ ಗೊತ್ತಾಗ್ತಿಲ್ಲ" ಅಂದರು ಅತ್ತೆ, ಏದುಸಿರು ಬಿಡುತ್ತ.

"ನನಗೆ ಗೊತ್ತಾಗ್ತಿದೆಯಲ್ಲೇ! ಅಂಗಾಲು ಸುಟ್ಟು ಗುಳ್ಳೆ ಎದ್ದಿದೆ!"

"ಅದಕ್ಕೇ ಕಣೆ ಹೇಳೋದು. ನೀನು ಹೋದ್ರೆ ನಂಗ್ಯಾರು ಹೇಳ್ತಾರೆ?"

ಟೀಚರ್ ಅತ್ತೆಯನ್ನು ರಟ್ಟೆ ಹಿಡಿದು ಎಳೆದು ಹುಣಸೆ ಮರದ ನೆರಳಿನಲ್ಲಿ ಕೂರಿಸಿ, ತಾವೂ ನೆಲದ ಮೇಲೆ ಕೂತರು. "ಉರಿ ತಡೆಯೋಕಾಗಲ್ಲ ಕಣೆ ಚನ್ನಾಜಿ. ಮಾತ್ರೆ ಬೇರೆ ನಿಂತುಹೋಯ್ತು."

"ಮಾತ್ರೆ ಸಪ್ಪೆ. ಈಗ ಡಾಕ್ಟ್ರು ಬಂದು ಹೇಳಿದ್ರು."

"ಸುಳ್ಳು. ನನಗೆ ನಿದ್ದೆ ಬಂತಲ್ಲ?"

"ಜಿಲೇಬಿ ಬಿಟ್ಟೆ."

"ಯಾರು?"

"ನಾನೇ, ಇನ್ಯಾರು. ಆವತ್ತು ಪರದೆ ಹಿಂದೆ ನೀನು ಅಂದಿದ್ದು ಕೇಳಿಸ್ಕಂಡೆ. ನಾನು ತಿಂದಿದ್ದಕ್ಕೆ ನಿಂಗೆ ಉರೀತಿತ್ತು ಅಂತ ನಂಗೇನ್ ಗೊತ್ತೇ? ನೀನಾದ್ರೂ ಹೇಳ್ಬಾರ್ದಿತ್ತಾ, ಸೊಕ್ಕಿನೋಳೆ?" ಅತ್ತೆಯ ಕಣ್ಣಿಂದ ನೀರು ಸುರಿಯುತ್ತಿತ್ತು. ಮೂಗನ್ನು ಸೆರಗಿಗೆ ಒರೆಸಿಕೊಂಡರು. "ಲಡ್ಡೂನೂ ಬಿಡ್ತೀನಿ. ಹೋಗ್ಬ್ಯಾಡ."

ಬಸ್ಸಿನವನು ಹಾರನ್ ಮಾಡಿದ. ಟೀಚರ್ ತಿರುಗಿ ನೋಡಲಿಲ್ಲ. ಕಂಡಕ್ಟರ್ ಅವರ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿ ರಸ್ತೆಯ ಬದಿಗಿಟ್ಟು ಹೋದ. ಬಸ್ಸು ಎಲ್ಲೆಕಲ್ಲು ದಾಟಿತು. ಡಾಕ್ಟರ್ ನೀರಿನ ಸೀಸೆ ತೆರೆದು ಅತ್ತೆಯ ಮುಂದೆ ಮಂಡಿಯೂರಿ ಕೂತರು. ಅತ್ತೆ ಅದನ್ನು ಅವರ ಕೈಯಿಂದ ಕಿತ್ತುಕೊಂಡರು. ಕಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು, ತಮ್ಮ ಅಂಗಾಲನ್ನು ಯಾರದೋ ಕಾಲೆಂಬಂತೆ ನೋಡಿದರು. ಆಮೇಲೆ ತಲೆ ಎತ್ತಿ ಟೀಚರನ್ನು ಕೇಳಿದರು.

"ಎಲ್ಲಿ ನೋಯ್ತೈತೆ, ಹೇಳು."

"ಹಿಮ್ಮಡಿ ಹತ್ರ."

ಅತ್ತೆ ಅಲ್ಲಿಗೆ ತಣ್ಣೀರು ಸುರಿದರು.

"ಈಗ?"